ಗಾರ್ಗಿ ಪರವಾಗಿಲ್ಲ ಅಂದಳು

ಹ್ಯೂಸ್ಟನ್
20 ಮಾರ್ಚ್ 2022

ಪ್ರೀತಿಯ ಲೀಲಕ್ಕನಿಗೆ ಕೃಷ್ಣವೇಣಿಯ ನಮಸ್ಕಾರ. ನಾವು ಮೂವರೂ ಕ್ಷೇಮ, ನೀವೂ ಹಾಗೇ ಇದ್ದೀರಿ ಎಂದುಕೊಂಡು ಮುಂದುವರಿಸುತ್ತೇನೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ಭಾವನವರು ನಗಬಹುದು. ಫೋನಿನಲ್ಲಿ ಮಾತಾಡಿದರೆ ಗಾರ್ಗಿ ಪಕ್ಕದ ರೂಮಿನಿಂದಲೇ ಎಲ್ಲ ಕೇಳಿಸಿಕೊಳ್ಳುತ್ತಾಳೆ. ಉತ್ತರವೆಲ್ಲ ಇಂಗ್ಲಿಷಿನಲ್ಲೇ, ಆದರೆ ಕನ್ನಡ ಕಿವಿಗೆ ಬಿದ್ದರೆ ಒಂದು ಮಾತೂ ತಪ್ಪಿಸಿಕೊಳ್ಳುವುದಿಲ್ಲ. ಓದಲು ಮಾತ್ರ ಬರುವುದಿಲ್ಲ. ಮಕ್ಕಳ ವಿಷಯವನ್ನು ಬರೆದೇ ಮಾತಾಡೋಣ ಎಂದು ಹೋದ ದೀಪಾವಳಿಯಲ್ಲಿ ನೀವೇ ಹೇಳಿದ್ದಿರಿ. ಧಾರವಾಡದಲ್ಲಿ ಕನ್ನಡ ಟೀಚರ್ ಆಗಿದ್ದವರ ಮಾತು ಮೀರಲಾದೀತೇ? ಅದೂ ಒಂದೇ ಮನೆಗೆ ಸೊಸೆಯಾಗಿ ಬಂದ ವಾರಗಿತ್ತಿ ನಾನು.

ವಿಷಯ ಏನೆಂದರೆ, ಗಾರ್ಗಿಗೆ ಇಲ್ಲಿನ ವಿಜ್ಞಾನದ ಮ್ಯಾಗ್ನೆಟ್ ಹೈಸ್ಕೂಲಿನಲ್ಲಿ ಸೀಟು ಸಿಕ್ಕಿದೆ. ಇಡೀ ಊರಿನಿಂದ ಚುರುಕು ಮಕ್ಕಳನ್ನು ಮಾರ್ಕ್ಸ್ ನೋಡಿ ಆರಿಸಿ ಒಂದೇ ಕಡೆ ಸೇರಿಸುವ ಸ್ಕೂಲು. ಸುದ್ದಿ ಬಂದ ದಿನ ಪ್ರಹ್ಲಾದ್ ಆಫೀಸಿನಿಂದ ಬೇಗ ಹೊರಟು ಮೈಸೂರ್ ಪಾಕ್ ತಂದರು. ಆ ಮನುಷ್ಯ ನನ್ನ ಹುಟ್ಟುಹಬ್ಬಕ್ಕೂ ಬೇಗ ಬಂದವರಲ್ಲ.

ಆದರೆ ನಮ್ಮ ಏರಿಯಾದ ಹೈಸ್ಕೂಲು ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಅವಳ ಗೆಳತಿಯರೆಲ್ಲ ಅಲ್ಲಿಗೇ ಸೇರುತ್ತಾರೆ. ಅಲ್ಲಿನ ಬ್ಯಾಂಡ್ ಹೆಸರುವಾಸಿ. ಇವಳು ಕ್ಲಾರಿನೆಟ್ ಊದುತ್ತಾಳಲ್ಲ, ಆ ಮೇಷ್ಟ್ರು ಈಗಲೇ ಇವಳಿಗೆ ಜಾಗ ಇಟ್ಟಿದ್ದಾರಂತೆ. ಮ್ಯಾಗ್ನೆಟ್ ಸ್ಕೂಲು ಊರಿನ ಆ ತುದಿ, ಅಲ್ಲಿ ಬ್ಯಾಂಡ್ ಇಲ್ಲ. ಇಷ್ಟಾದರೂ ನನಗೊಂದು ಭಯ, ಅಕ್ಕ. ಹತ್ತಿರದ ಸ್ಕೂಲಿನಲ್ಲಿ ಎಲ್ಲ ಥರದ ಮಕ್ಕಳೂ ಇರುತ್ತಾರೆ. ಇಂಥ ಹುಡುಗಿ ಅವರ ಮಧ್ಯೆ ಮಂಕಾಗಿಬಿಟ್ಟರೆ?

ಅವಳನ್ನೂ ಕೇಳಿದೆ, ಕೇಳದೆ ಮಾಡುವವಳು ನಾನಲ್ಲ. “ಮ್ಯಾಗ್ನೆಟ್ ಸ್ಕೂಲಿಗೆ ಹೋಗ್ತೀಯೇನೇ ಪುಟ್ಟಾ?” ಅಂದೆ. ಫೋನಿನಿಂದ ತಲೆ ಎತ್ತಿ “ಪರವಾಗಿಲ್ಲ” ಅಂದಳು. ನೋಡಿ, ಕನ್ನಡದಲ್ಲಿ. ಇಷ್ಟವಿಲ್ಲದಿದ್ದರೆ ಇಂಗ್ಲಿಷಿನಲ್ಲಿ ರಂಪ ಮಾಡುತ್ತಿದ್ದಳು. ಪರವಾಗಿಲ್ಲ ಅಂದರೆ ಒಪ್ಪಿದ ಹಾಗೇ ಅಲ್ಲವೇ?

ನೀವು ಸಮರ್ಥನನ್ನು ಮನೆ ಹತ್ತಿರದ ಸ್ಕೂಲಿಗೇ ಹಾಕಿದಿರಿ. ಏನು ಮಾಡಲಿ ಹೇಳಿ. ನಾವಿನ್ನೂ ತೀರ್ಮಾನ ಮಾಡಿಲ್ಲ.

ನಿಮ್ಮ
ಕೃಷ್ಣವೇಣಿ


ಲಿಟಲ್ ಎಲ್ಮ್
2 ಏಪ್ರಿಲ್ 2022

ತಂಗಿ ಕೃಷ್ಣವೇಣಿಗೆ ಲೀಲಾವತಿಯ ಆಶೀರ್ವಾದ.

ನಿನ್ನ ಕಾಗದ ನೋಡಿ ಖುಷಿಯಾಯಿತು. ಕಾಗುಣಿತ ತಪ್ಪು ಎರಡೇ ಇವೆ, ಪಾಸು ಮಾಡಿದ್ದೇನೆ. ಗಾರ್ಗಿಗೆ ದೊಡ್ಡಮ್ಮನಿಂದ ಒಂದು ಮುತ್ತು ಕೊಡು. ಸೀಟು ಸಿಕ್ಕಿದ್ದು ಸಣ್ಣ ಮಾತಲ್ಲ.

ಕೇಳಿದ್ದೀ ಅಂತ ಹೇಳುತ್ತೇನೆ. ನಾನಾಗಿದ್ದರೆ ಕಳಿಸುತ್ತಿರಲಿಲ್ಲ. ಮ್ಯಾಗ್ನೆಟ್ ಅಂದರೆ ಅಯಸ್ಕಾಂತ. ಅದು ಕಬ್ಬಿಣವನ್ನು ಎಳೆದುಕೊಳ್ಳುತ್ತದೆ, ನಿನ್ನ ಮಗಳೇನು ಕಬ್ಬಿಣವೇ? ನಮ್ಮ ಟೆಕ್ಸಸ್ ಕಾನೂನು ನಿಮಗೂ ಗೊತ್ತಿರಬೇಕು. ಮಗು ಯಾವ ಹೈಸ್ಕೂಲಿನದಾದರೂ ಸರಿ, ತನ್ನ ತರಗತಿಯಲ್ಲಿ ನೂರಕ್ಕೆ ಮೊದಲ ಆರರೊಳಗೆ ಬಂದರೆ ಆಸ್ಟಿನ್ ಯೂನಿವರ್ಸಿಟಿಯಲ್ಲಿ ಪ್ರವೇಶ ತಾನಾಗಿ ಸಿಗುತ್ತದೆ. ನಿಮ್ಮ ಏರಿಯಾದ ಸ್ಕೂಲಿನಲ್ಲಿ ಗಾರ್ಗಿ ಕ್ಲಾರಿನೆಟ್ ಊದಿಕೊಂಡೇ ಆರರೊಳಗೆ ಬರುತ್ತಾಳೆ. ಆ ಮ್ಯಾಗ್ನೆಟ್ ಸ್ಕೂಲಿನಲ್ಲಿ ನೂರಕ್ಕೆ ನೂರೂ ಗಾರ್ಗಿಗಳೇ ಕೂತಿರುತ್ತಾರಲ್ಲ, ಆಗ ತೊಂಬತ್ತನೆಯವಳು ಯಾರಾಗಬೇಕು? ಯಾರಾದರೂ ಒಬ್ಬಳು ಆಗಲೇಬೇಕು.

ಹತ್ತಿರದ ಸ್ಕೂಲಿನಲ್ಲಿ ಕೊರತೆ ಇಲ್ಲ ಅನ್ನುವುದಿಲ್ಲ. ಸಮರ್ಥನ ಗಣಿತದ ಮೇಷ್ಟ್ರು ಅರ್ಧ ವರ್ಷ ಫುಟ್ಬಾಲ್ ಮಾತಾಡುತ್ತಾರೆ. ಆದರೂ ಹುಡುಗ ಎಂಟು ತಾಸು ಮಲಗುತ್ತಾನೆ, ಹೊಟ್ಟೆ ತುಂಬ ಉಣ್ಣುತ್ತಾನೆ. ದೂರದ ಬೆಟ್ಟ ನುಣ್ಣಗೆ ಕಾಣುತ್ತದೆ, ಅಷ್ಟೇ.

ಇನ್ನೊಂದು. ಅವಳು ಪರವಾಗಿಲ್ಲ ಅಂದಾಗ ಮುಖ ಹೇಗಿತ್ತು? ಅದನ್ನು ನೀನು ಬರೆಯಲೇ ಇಲ್ಲ.

ಲೀಲಾವತಿ


ಹ್ಯೂಸ್ಟನ್
24 ಏಪ್ರಿಲ್ 2022

ಲೀಲಕ್ಕನಿಗೆ ನಮಸ್ಕಾರ.

ಮುಖ ಹೇಗಿತ್ತು ಅಂದರೆ ಏನು ಹೇಳಲಿ, ಹದಿನಾಲ್ಕು ವರ್ಷದ ಹುಡುಗಿಯ ಮುಖದ ಹಾಗಿತ್ತು. ಸೀಟು ಒಪ್ಪಿಕೊಂಡಾಯಿತು. ನಿಜ ಹೇಳಬೇಕೆಂದರೆ ಸುದ್ದಿ ಬಂದ ದಿನವೇ ಪ್ರಹ್ಲಾದ್ ಕಂಪ್ಯೂಟರಿನಲ್ಲಿ ಒಪ್ಪಿಗೆ ಒತ್ತಿಬಿಟ್ಟಿದ್ದರು. ನಿಮ್ಮ ಅಭಿಪ್ರಾಯವೂ ಇರಲಿ ಎಂದು ಬರೆದಿದ್ದೆ.

ನಿಮ್ಮ ಕಾಗದವನ್ನು ಅವರಿಗೆ ಓದಿ ಹೇಳಿದೆ. ಆರರೊಳಗೆ ಬರುವ ಲೆಕ್ಕ ಕೇಳಿ ನಕ್ಕರು. “ಅತ್ತಿಗೆ ಹೇಳೋದು ಸರಿ ಕಣೇ, ಹಾಳೂರಿಗೆ ಉಳಿದವನೇ ಗೌಡ” ಅಂದರು. ತಮಾಷೆಗೆ ಅಂದದ್ದು, ಅವರ ಬಾಯಿ ನಿಮಗೆ ಗೊತ್ತೇ ಇದೆ. ನನಗೂ ನಗು ಬಂತು ಅನ್ನಿ.

ಗಾರ್ಗಿ ಓದುತ್ತಿದ್ದಾಳೆ. ಆಗಸ್ಟಿನಲ್ಲಿ ಸ್ಕೂಲು ಶುರು.

ಕೃಷ್ಣವೇಣಿ


ಲಿಟಲ್ ಎಲ್ಮ್
30 ಅಕ್ಟೋಬರ್ 2022

ಕೃಷ್ಣವೇಣಿಯವರಿಗೆ,

ದೀಪಾವಳಿಗೆ ನೀವು ಕಳಿಸಿದ ಚಕ್ಕುಲಿ ಬಂತು. ಮುರಿಯದೆ ಬಂದದ್ದು ಆಶ್ಚರ್ಯ.

ಹಾಳೂರಿನಲ್ಲಿ ಎಲ್ಲರೂ ಕ್ಷೇಮ. ಗೌಡರು ಓದುತ್ತಿದ್ದಾರೆ. ಸ್ಕೂಲಿನ ವಿಷಯಕ್ಕೆ ಇನ್ನು ಮುಂದೆ ನಾನು ಬಾಯಿ ಹಾಕುವುದಿಲ್ಲ. ನೀವು ತಿಳಿದವರು.

ಲೀಲಾವತಿ


ಹ್ಯೂಸ್ಟನ್
15 ಜನವರಿ 2023

ಲೀಲಕ್ಕ,

ನೀವು ನನ್ನನ್ನು ‘ನೀವು’ ಅಂದದ್ದು ನೋಡಿ ಊಟ ಸೇರಲಿಲ್ಲ. ಮೂರು ಸಲ ಓದಿದೆ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ, ಸರಿಯೇ. ಆದರೆ ಆಡಿದವರು ನಿಮ್ಮ ಮೈದುನ, ಬೈಸಿಕೊಳ್ಳುವವಳು ನಾನು. ಅದನ್ನು ನಾನು ನಿಮಗೆ ಬರೆಯದೆ ಇರಬಹುದಿತ್ತು. ಬಿಟ್ಟುಬಿಡಿ ಅಕ್ಕ.

ಗಾರ್ಗಿ ಚೆನ್ನಾಗಿದ್ದಾಳೆ. ಆ ಸ್ಕೂಲಿನ ಮಾತೇ ಬೇರೆ. ಹದಿನೈದು ವರ್ಷದ ಮಕ್ಕಳು ಲ್ಯಾಬಿನಲ್ಲಿ ಮಾಡುವ ಕೆಲಸವನ್ನು ನಾವು ಬಿಎಸ್ಸಿಯಲ್ಲೂ ಮಾಡಿರಲಿಲ್ಲ. ಅವಳ ಜೊತೆ ಕೂರುವ ಹುಡುಗಿ ಆಗಲೇ ಯಾವುದೋ ಸಂಶೋಧನೆಗೆ ಬಹುಮಾನ ತಂದಿದ್ದಾಳೆ. ಟೀಚರುಗಳು ಜೀವ ತೇದು ಪಾಠ ಮಾಡುತ್ತಾರೆ, ಅದನ್ನು ಹೇಳಲೇಬೇಕು.

ಬಸ್ ನಿಲ್ಲುವ ಜಾಗ ಸ್ವಲ್ಪ ದೂರ, ಐದಕ್ಕೆ ಮೊದಲೇ ಏಳಬೇಕು. ಅಭ್ಯಾಸವಾಗುತ್ತದೆ. ಕ್ಲಾರಿನೆಟ್ ಅಲಮಾರಿಯ ಮೇಲಿದೆ, ಸಮಯವೆಲ್ಲಿ? ಊಟ ಮಾತ್ರ ಕಡಿಮೆಯಾಗಿದೆ. ಇನ್ನೊಂದು ಚಪಾತಿ ಹಾಕುತ್ತೇನೆ ಅಂದರೆ ಪರವಾಗಿಲ್ಲ, ಪರವಾಗಿಲ್ಲ ಅನ್ನುತ್ತಾಳೆ. ಈ ವಯಸ್ಸಿನ ಹುಡುಗಿಯರೆಲ್ಲ ಹಾಗೇ ಅಂತೆ.

ನಿಮ್ಮ
ಕೃಷ್ಣವೇಣಿ


ಲಿಟಲ್ ಎಲ್ಮ್
3 ಡಿಸೆಂಬರ್ 2023

ಕೃಷ್ಣವೇಣಿಯವರಿಗೆ,

ಬರೆದು ಬಹಳ ದಿನವಾಯಿತು. ಕೆಲಸದ ನಡುವೆ ಆಗಲಿಲ್ಲ.

ಸಮರ್ಥನಿಗೆ ಆಸ್ಟಿನ್ನಿನಲ್ಲಿ ಪ್ರವೇಶ ಸಿಕ್ಕಿದೆ. ಬರೀ ಆರರೊಳಗಲ್ಲ, ತರಗತಿಗೇ ಎರಡನೆಯವನು. ಎಂಜಿನಿಯರಿಂಗ್ ಕೊಟ್ಟಿದ್ದಾರೆ. ಪ್ರಹ್ಲಾದನಿಗೆ ತಿಳಿಸಿ, ಗೌಡರು ಊರು ಬಿಡುತ್ತಿದ್ದಾರೆ ಎಂದು. ನಿಮ್ಮ ಭಾವ ಇಡೀ ಬೀದಿಗೆ ಪೇಡೆ ಹಂಚಿದರು. ಎದುರು ಮನೆಯವರು ಮಗಳ ಮದುವೆಯೇ ಎಂದು ಕೇಳಿದರು.

ಗಾರ್ಗಿಗೆ ಹುಟ್ಟುಹಬ್ಬದ ಹಾರೈಕೆ. ಹದಿನಾರಾಯಿತಲ್ಲವೇ?

ಲೀಲಾವತಿ


ಹ್ಯೂಸ್ಟನ್
14 ಜನವರಿ 2024

ಲೀಲಕ್ಕನಿಗೆ ಸಂಕ್ರಾಂತಿಯ ನಮಸ್ಕಾರ.

ಸಮರ್ಥನ ಸುದ್ದಿ ಕೇಳಿ ಮನೆಯಲ್ಲಿ ಎಲ್ಲರಿಗೂ ಸಂತೋಷವಾಯಿತು. ಪ್ರಹ್ಲಾದ್ ಮಾತಿಲ್ಲದೆ ಟಿವಿ ನೋಡಿದರು. ಅದು ಅವರ ಸಂತೋಷ.

ಗಾರ್ಗಿಗೆ ಲೈಸೆನ್ಸ್ ಬಂತು. ಬಸ್ಸಿನ ಗೋಳು ತಪ್ಪಿತು, ಈಗ ತಾನೇ ಡ್ರೈವ್ ಮಾಡಿಕೊಂಡು ಹೋಗುತ್ತಾಳೆ. ಕತ್ತಲೆಯಲ್ಲೇ ಹೊರಡುತ್ತಾಳೆ, ಇಲ್ಲವಾದರೆ ಕೇಟಿ ಫ್ರೀವೇ ಜಾಮ್ ಆಗಿಬಿಡುತ್ತದೆ. ಹೆಮ್ಮೆ ಅನ್ನಿಸುತ್ತದೆ. ನಾನು ಅವಳ ವಯಸ್ಸಿನಲ್ಲಿ ಸೈಕಲ್ಲಿಗೂ ಹೆದರುತ್ತಿದ್ದೆ.

ಓದು ಚೆನ್ನಾಗಿ ನಡೆದಿದೆ. ಸ್ವಲ್ಪ ಸುಸ್ತು ಕಾಣುತ್ತದೆ. ಬೇಸಿಗೆ ರಜೆಯಲ್ಲಿ ಎರಡು ವಾರ ನಿಮ್ಮ ಮನೆಗೆ ಕಳಿಸಲೇ? ನಿಮ್ಮ ಮನೆ ಅಂದರೆ ಅವಳಿಗೆ ಮೊದಲಿನಿಂದಲೂ ಆಸೆ.

ಕೃಷ್ಣವೇಣಿ


ಲಿಟಲ್ ಎಲ್ಮ್
21 ಜುಲೈ 2024

ಕೃಷ್ಣವೇಣಿಯವರಿಗೆ,

ಗಾರ್ಗಿ ವಾಪಸ್ ಸುಖವಾಗಿ ನಿಮ್ಮ ಮನೆ ತಲುಪಿದಳು ಎಂದು ನಿಮ್ಮ ಭಾವ ಹೇಳಿದರು.

ಇಲ್ಲಿ ಮೊದಲ ಕೆಲವು ದಿನ ಬರೀ ಮಲಗಿದಳು. ಊಟಕ್ಕೆ ಎಬ್ಬಿಸಿ ಕೂರಿಸಿದರೆ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದಳು. ಆಮೇಲೆ ಸಮರ್ಥನ ಜೊತೆ ಕೆರೆಯ ದಂಡೆಗೆ ಹೋಗಿ ಕಾಲು ನೀರಿಗೆ ಬಿಟ್ಟು ಕೂರುತ್ತಿದ್ದಳು. ಒಂದು ದಿನ ಹೋಳಿಗೆ ಮಾಡಿದ್ದೆ. ಅವತ್ತು ನನ್ನ ಹತ್ತಿರ ಕೂತು ಏನೇನೋ ಮಾತಾಡಿದಳು. ಮಕ್ಕಳ ಮಾತು. ನಾನು ಬರೆದರೆ ಅದಕ್ಕೆ ಬೇರೆ ಅರ್ಥ ಬರುತ್ತದೆ.

ನೀವೇ ಒಮ್ಮೆ ಕೂರಿಸಿಕೊಂಡು ಕೇಳಿ. ಸ್ಕೂಲಿನ ಬಗ್ಗೆ ಕೇಳಿ. ಇಂಗ್ಲಿಷಿನಲ್ಲಿ ಕೇಳಿ.

ಲೀಲಾವತಿ


ಹ್ಯೂಸ್ಟನ್
22 ಸೆಪ್ಟೆಂಬರ್ 2024

ಲೀಲಕ್ಕನಿಗೆ,

‘ಇಂಗ್ಲಿಷಿನಲ್ಲಿ ಕೇಳಿ’ ಅಂದಿರಿ. ಕನ್ನಡ ಟೀಚರಿಗೆ ನನ್ನ ಮಗಳ ಕನ್ನಡ ಸಾಲಲಿಲ್ಲ ಎಂದು ಅರ್ಥವಾಯಿತು. ಎರಡು ವಾರ ಇಟ್ಟುಕೊಂಡದ್ದಕ್ಕೆ ಋಣಿ, ಆದರೆ ನಮ್ಮ ಮನೆಯಲ್ಲಿ ಕನ್ನಡ ಇನ್ನೂ ಸತ್ತಿಲ್ಲ. ಅದಕ್ಕೇ ಕನ್ನಡದಲ್ಲೇ ಕೇಳಿದೆ. “ಗಾರ್ಗಿ, ಇದೇ ಸ್ಕೂಲಲ್ಲಿ ಮುಂದುವರಿಸೋಣ್ವಾ?” ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. “ಪರವಾಗಿಲ್ಲ ಅಮ್ಮಾ” ಅಂದಳು. ಕನ್ನಡದಲ್ಲೇ ಅಂದಳು. ಪ್ರಹ್ಲಾದ್ ಕೂಡ ಅಲ್ಲೇ ಇದ್ದರು, ಬೇಕಾದರೆ ಅವರನ್ನೇ ಕೇಳಿ.

ಮುಚ್ಚಿಟ್ಟು ಏನು, ಹೇಳಿಬಿಡುತ್ತೇನೆ. ಅವಳ ರ್‍ಯಾಂಕು ಅರ್ಧಕ್ಕಿಂತ ಕೆಳಗಿದೆ. ಎಂಬತ್ತೆಂಟು, ತೊಂಬತ್ತು ತೆಗೆದರೂ ಅಲ್ಲಿ ಅದು ಕೆಳಗೇ. ಇವರ ವರ್ಷಕ್ಕೆ ಆಸ್ಟಿನ್ನಿನವರು ಆರನ್ನು ಐದು ಮಾಡುತ್ತಾರಂತೆ. ಆ ಬಾಗಿಲು ನಮಗಂತೂ ಮುಚ್ಚಿತು, ಬೇರೆ ದಾರಿ ಹುಡುಕಬೇಕು. ಅದಕ್ಕೆ ಶನಿವಾರ ಭಾನುವಾರ ಕೋಚಿಂಗ್ ಹಾಕಿದ್ದೇವೆ. ನಮ್ಮ ಬೀದಿಯ ಹುಡುಗಿಯೊಬ್ಬಳು, ಇವಳಿಗಿಂತ ಎಷ್ಟೋ ಹಿಂದಿದ್ದವಳು, ಏರಿಯಾದ ಸ್ಕೂಲಿನಲ್ಲಿ ಮೊದಲ ಹತ್ತರಲ್ಲಿದ್ದಾಳೆ. ಬೆಳಿಗ್ಗೆ ಬ್ಯಾಂಡ್ ಪ್ರಾಕ್ಟೀಸಿನ ಸದ್ದು ಅಡುಗೆಮನೆಯವರೆಗೂ ಕೇಳುತ್ತದೆ. ನಾನು ಕಿಟಕಿ ಹಾಕಿಕೊಳ್ಳುತ್ತೇನೆ.

ಈಗ ಬಿಡಿಸಿದರೆ ಸೋತುಬಂದ ಹಾಗಾಗುತ್ತದೆ. ಇನ್ನೊಂದೂವರೆ ವರ್ಷ, ತಡೆದುಕೊಂಡರೆ ಆಯಿತು.

ಕೃಷ್ಣವೇಣಿ


ಲಿಟಲ್ ಎಲ್ಮ್
1 ಡಿಸೆಂಬರ್ 2024

ತಂಗಿ,

ಇಲ್ಲಿಗೆ ಬಂದು ತಲುಪಿದೆವು. ನಿನ್ನನ್ನು ಬಿಟ್ಟು ಬರಲು ಮನಸ್ಸಿರಲಿಲ್ಲ. ಆಸ್ಪತ್ರೆಯಲ್ಲಿ ನಾನು ಇದ್ದರೆ ನಿನಗೆ ಇನ್ನೂ ಒಬ್ಬರಿಗೆ ಊಟ ಕೇಳುವ ಕೆಲಸ, ಅದಕ್ಕೇ ಹೊರಟೆ.

ಆ ಮಂಗಳವಾರ ಬೆಳಿಗ್ಗೆ ಪ್ರಹ್ಲಾದ ಫೋನ್ ಮಾಡಿದಾಗ ನನಗೆ ಮೊದಲು ಅರ್ಥವಾಗಲಿಲ್ಲ. ಗಾರ್ಗಿಯ ಕಾರು ಫ್ರೀವೇ ಕೆಳಗಿನ ಕಂಬಕ್ಕೆ ಹೊಡೆದಿದೆ ಅಂದ. ಬ್ರೇಕ್ ಹಾಕಿದ ಗುರುತೇ ರಸ್ತೆಯ ಮೇಲಿಲ್ಲ ಎಂದು ಪೊಲೀಸರು ಹೇಳಿದರಂತೆ. ಮಗು ನಿದ್ದೆಹೋಗಿತ್ತು. ಸಮರ್ಥ ಆಸ್ಟಿನ್ನಿನಿಂದ ಹಾಗೇ ಹೊರಟು ನಮಗಿಂತ ಮೊದಲೇ ನಿಮ್ಮ ಹತ್ತಿರ ಬಂದದ್ದು ಒಂದು ಪುಣ್ಯ.

ತಲೆಗೆ ಬಿದ್ದ ಪೆಟ್ಟು ಮಾತಿನ ಜಾಗಕ್ಕೇ ಬಿದ್ದಿದೆ ಎಂದು ಡಾಕ್ಟರು ಹೇಳುವಾಗ ನೀನು ಗೋಡೆ ನೋಡುತ್ತಿದ್ದೆ. ಕೇಳಿಸಿತೋ ಇಲ್ಲವೋ ಅಂತ ಇಲ್ಲಿ ಬರೆಯುತ್ತಿದ್ದೇನೆ. ಕಣ್ಣು ಬಿಟ್ಟಿದ್ದಾಳೆ, ಗುರುತು ಹಿಡಿಯುತ್ತಾಳೆ. ಅದನ್ನು ಹಿಡಿದುಕೊ. ಚಟ್ನಿಪುಡಿ, ಮೆಂತ್ಯದ ಹಿಟ್ಟು ನಿಮ್ಮ ಫ್ರಿಜ್ಜಿನ ಮೇಲಿಟ್ಟಿದ್ದೇನೆ. ನೀನೂ ಎರಡು ತುತ್ತು ತಿನ್ನು.

ಅಕ್ಕ


ಹ್ಯೂಸ್ಟನ್
19 ಜನವರಿ 2025

ಲೀಲಾವತಿಯವರಿಗೆ,

ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ, ಆದ್ದರಿಂದ ಬರೆಯುವುದಿಲ್ಲ.

ಗಾರ್ಗಿ ಮಾತಾಡಿದಳು. ಒಂದೇ ಮಾತು. ಇಂಗ್ಲಿಷ್ ಪೂರ್ತಿ ಹೋಗಿದೆ. ಅವಳು ಹಗಲೂ ರಾತ್ರಿ ಆಡುತ್ತಿದ್ದ, ಓದುತ್ತಿದ್ದ, ಜಗಳ ಮಾಡುತ್ತಿದ್ದ ಇಂಗ್ಲಿಷ್. ಉಳಿದಿರುವುದು “ಪರವಾಗಿಲ್ಲ”. ನೀರು ಬೇಕಾ ಅಂದರೆ ಪರವಾಗಿಲ್ಲ. ನೋಯುತ್ತಾ ಅಂದರೆ ಪರವಾಗಿಲ್ಲ. ಸೂಜಿ ಚುಚ್ಚಿದರೂ ಪರವಾಗಿಲ್ಲ. ನರ್ಸ್ ಅದು ಯಾರದೋ ಹೆಸರು ಅಂದುಕೊಂಡು, ಅವರನ್ನು ಕರೆಸುತ್ತೀರಾ ಎಂದು ನನ್ನನ್ನು ಕೇಳಿದಳು. ಚಿಕ್ಕಂದಿನಿಂದ ಬಾಯಿಪಾಠವಾದ ಮಾತು ಕೆಲವರಲ್ಲಿ ಹೀಗೆ ಉಳಿದುಬಿಡುತ್ತದೆ ಎಂದು ಡಾಕ್ಟರು ಹೇಳಿದರು. ಕನ್ನಡ ಮಾತಾಡು ಮಾತಾಡು ಎಂದು ಹದಿನಾರು ವರ್ಷ ಬೆನ್ನು ಹತ್ತಿದ್ದೆನಲ್ಲ. ಈಗ ಬರೀ ಕನ್ನಡವೇ.

ಇದನ್ನು ತಿಳಿಸಲು ಬರೆಯುತ್ತಿಲ್ಲ. ಹೋದ ವಾರ ಸಮರ್ಥ ಬಂದಿದ್ದ. ಅವಳ ಪಕ್ಕ ಕೂತು ಅಳುತ್ತಾ ಹೇಳಿದ, “ಬೇಸಿಗೆಯಲ್ಲಿ ಅಮ್ಮನ ಹತ್ರ ಎಲ್ಲಾ ಹೇಳಿದ್ಲಲ್ಲ ಚಿಕ್ಕಮ್ಮ, ಆ ಸ್ಕೂಲು ಬೇಡ ಅಂತ.” ನನಗೆ ಗೊತ್ತಿದೆ ಎಂದುಕೊಂಡಿದ್ದ ಪಾಪ.

ನಿಮಗೆ ಗೊತ್ತಿತ್ತು. ಜುಲೈಯಿಂದ ನಿಮಗೆ ಗೊತ್ತಿತ್ತು. ಮಕ್ಕಳ ಮಾತು ಎಂದು ಬರೆದಿರಿ. ಒಂದು ಸಾಲು ಬರೆದಿದ್ದರೆ ಸಾಕಿತ್ತು. ಧಾರವಾಡದಲ್ಲಿ ಅಷ್ಟು ವರ್ಷ ಮಕ್ಕಳಿಗೆ ವಾಕ್ಯ ಬರೆಯಲು ಕಲಿಸಿದಿರಿ, ನನಗೊಂದು ವಾಕ್ಯ ಬರೆಯಲಾಗಲಿಲ್ಲ.

ಕೃಷ್ಣವೇಣಿ


ಲಿಟಲ್ ಎಲ್ಮ್
2 ಫೆಬ್ರುವರಿ 2025

ಕೃಷ್ಣವೇಣಿ,

ನೀನು ಬರೆದದ್ದೆಲ್ಲ ನಿಜ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಆಮೇಲೆ ನಿನಗೆ ಹೇಗೆ ಕಾಣುತ್ತದೋ ಹಾಗೆ.

ಹೋಳಿಗೆ ಮಾಡಿದ ದಿನ ಅವಳಿಗೆ ಬಡಿಸುತ್ತಿದ್ದೆ. ಇನ್ನೊಂದು ಹಾಕಲೇ ಅಂದೆ. ತಟ್ಟೆಗೆ ಕೈ ಅಡ್ಡ ಹಿಡಿದು “ಪರವಾಗಿಲ್ಲ ದೊಡ್ಡಮ್ಮ” ಅಂದಳು. ನಾವು ಕೇಳುತ್ತೇವೆಯೇ, ಕೈ ಸರಿಸಿ ಹಾಕಿಬಿಟ್ಟೆ. ಹುಡುಗಿಯ ಕಣ್ಣು ತುಂಬಿತು. ತಾನು ‘ಪರವಾಗಿಲ್ಲ’ ಅಂದರೆ ಯಾಕೆ ಯಾರೂ ನಿಲ್ಲಿಸುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನನಗೆ ಆಗ ತಿಳಿಯಿತು.

ಅವಳು ಚಿಕ್ಕವಳಿದ್ದಾಗ ನೀನೇ ಕಲಿಸಿದ್ದಂತೆ. ಬೇರೆಯವರ ಮನೆಯಲ್ಲಿ ಆಂಟಿ ಏನಾದರೂ ಕೊಡಲು ಬಂದರೆ ‘ಬೇಡ’ ಅನ್ನಬಾರದು, ದೊಡ್ಡವರಿಗೆ ಬೇಡ ಅನ್ನುವುದು ಒರಟು, ‘ಪರವಾಗಿಲ್ಲ ಆಂಟಿ’ ಅನ್ನಬೇಕು ಎಂದು. ನಾವೆಲ್ಲ ಕಲಿಸುವುದು ಅದನ್ನೇ. ನಮಗೆ ಆ ಮಾತಿಗೆ ಹತ್ತು ಅರ್ಥ. ಸಿನಿಮಾ ಹೇಗಿತ್ತು ಅಂದರೆ ಪರವಾಗಿಲ್ಲ, ಅದು ಮೆಚ್ಚುಗೆ. ಕಾಲು ತುಳಿದವರಿಗೆ ಪರವಾಗಿಲ್ಲ, ಅದು ಕ್ಷಮೆ. ಆ ಮಗುವಿಗೆ ಒಂದೇ ಅರ್ಥ, ಬೇಡ. ಮರ್ಯಾದೆಯಿಂದ ಹೇಳುವ ಬೇಡ. ಎರಡು ವರ್ಷದಿಂದ ಅಮ್ಮನಿಗೆ ಕನ್ನಡದಲ್ಲೇ ಹೇಳುತ್ತಿದ್ದೇನೆ, ಅಮ್ಮ ಖುಷಿಪಡುತ್ತಾರೆ ಅಂದಳು.

ಇಂಗ್ಲಿಷಿನಲ್ಲಿ ಕೇಳಿ ಎಂದು ಬರೆದದ್ದು ಅದಕ್ಕೆ. ಅಷ್ಟೇ ಯಾಕೆ ಬರೆದೆ ಎಂದರೆ, ಪೂರ್ತಿ ಬರೆದರೆ ನಿಮ್ಮಿಬ್ಬರಿಗೂ ಹೊಟ್ಟೆಕಿಚ್ಚಿನ ಮಾತಾಗಿ ಕೇಳುತ್ತದೆ ಎಂದುಕೊಂಡೆ. ಗೌಡನ ತಾಯಿ ಮಾತಾಡುತ್ತಿದ್ದಾಳೆ ಅನ್ನುತ್ತೀರಿ ಎಂದುಕೊಂಡೆ. ಒಂದು ಗಾದೆಮಾತನ್ನು ಎರಡು ವರ್ಷ ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದೆ. ಅದರ ಬೆಲೆ ನಾನು ಕೊಡಲಿಲ್ಲ, ಗಾರ್ಗಿ ಕೊಟ್ಟಳು.

ಪ್ರಹ್ಲಾದನ ಗಾದೆ ಸುಳ್ಳೂ ಅಲ್ಲ. ಸಮರ್ಥ ಆಸ್ಟಿನ್ನಿನಲ್ಲಿ ಮೊದಲ ಸೆಮಿಸ್ಟರಿನಲ್ಲೇ ಎರಡು ವಿಷಯ ಫೇಲ್. ಇಲ್ಲಿ ಯಾರೂ ಅವನನ್ನು ಓದಿಸಲಿಲ್ಲ, ಓದುವ ಪ್ರಮೇಯವೇ ಬರಲಿಲ್ಲ. ಅಲ್ಲಿ ಎಲ್ಲರೂ ಗೌಡರೇ. ಇದನ್ನೂ ನಿನ್ನಿಂದ ಮುಚ್ಚಿಟ್ಟಿದ್ದೆ. ಎಂಜಿನಿಯರಿಂಗ್ ಬಿಡುತ್ತೇನೆ ಅನ್ನುತ್ತಾನೆ. ಅವನು ಬಿಡಬಹುದು. ಬಾಯಿ ಇದೆ, ಹೇಳುತ್ತಾನೆ, ನಾವು ಕೇಳುತ್ತೇವೆ.

ಉತ್ತರ ಬರೆಯಬೇಕೆಂದಿಲ್ಲ.

ಲೀಲಾವತಿ


ಹ್ಯೂಸ್ಟನ್
14 ಸೆಪ್ಟೆಂಬರ್ 2025

ಲೀಲಕ್ಕ,

ಏಳು ತಿಂಗಳು ನಿಮಗೆ ಬರೆಯಲಿಲ್ಲ. ನೀವು ಫೋನ್ ಮಾಡಿದಾಗ ಪ್ರಹ್ಲಾದ್ ಕೈಗೆ ಕೊಟ್ಟು ಹೊರಗೆ ಹೋಗುತ್ತಿದ್ದೆ. ನಿಮ್ಮ ಮೇಲೆ ಸಿಟ್ಟು ಇತ್ತು, ಈಗಲೂ ಇದೆ. ಆದರೆ ಈ ಸುದ್ದಿಯನ್ನು ಹೇಳಲು ನಿಮ್ಮನ್ನು ಬಿಟ್ಟರೆ ನನಗೆ ಯಾರೂ ಇಲ್ಲ. ಬೇರೆಯವರಿಗೆ ಇದು ಸುದ್ದಿಯೇ ಅಲ್ಲ.

ಗಾರ್ಗಿ ಆಗಸ್ಟಿನಿಂದ ಏರಿಯಾದ ಹೈಸ್ಕೂಲಿಗೆ ಹೋಗುತ್ತಿದ್ದಾಳೆ. ನಡೆದೇ ಹೋಗುತ್ತೇವೆ. ಅವಳಿಗೆ ಬಲಗಾಲು ಎಳೆಯುತ್ತದೆ, ಹತ್ತು ನಿಮಿಷದ ದಾರಿ ಅರ್ಧ ಗಂಟೆಯಾಗುತ್ತದೆ. ವಿಶೇಷ ತರಗತಿ, ಏಳೆಂಟು ಮಕ್ಕಳು. ಬ್ಯಾಂಡ್ ರೂಮಿನ ಮುಂದೆಯೇ ಹಾದುಹೋಗಬೇಕು. ಒಳಗೆ ಅವಳ ಗೆಳತಿಯರು ಊದುತ್ತಿರುತ್ತಾರೆ. ಅವಳು ನಿಲ್ಲುತ್ತಾಳೆ. ನಾನೂ ನಿಲ್ಲುತ್ತೇನೆ. ಈ ಸ್ಕೂಲಿಗೆ ಸೇರಿಸಲು ಅರ್ಜಿ ಬೇಕಿರಲಿಲ್ಲ, ಮಾರ್ಕ್ಸ್ ಕೇಳಲಿಲ್ಲ. ವಿಳಾಸ ಕೇಳಿದರು, ಅಷ್ಟೇ.

ನಿಮ್ಮ ಕಾಗದ ಓದಿದ ಮೇಲೆ ಒಂದು ಕೆಲಸ ಶುರುಮಾಡಿದ್ದೆ. ಸ್ಪೀಚ್ ಥೆರಪಿಯವರು ಇಂಗ್ಲಿಷಿನಲ್ಲಿ ವಾಟರ್, ಬಾಲ್ ಎಂದು ಹೇಳಿಕೊಡುತ್ತಾರೆ. ನಾನು ಮನೆಯಲ್ಲಿ ಒಂದೇ ಪದ ಇಟ್ಟುಕೊಂಡೆ. ಅವಳಿಗೆ ಹಾಗಲಕಾಯಿ ಗೊಜ್ಜು ಕಂಡರೆ ಆಗುವುದಿಲ್ಲವಲ್ಲ, ಅದನ್ನೇ ಮಾಡಿ ಚಮಚದಲ್ಲಿ ಬಾಯಿಯ ಹತ್ತಿರ ಹಿಡಿದು “ಬೇಡ ಅನ್ನು, ಪುಟ್ಟಾ. ಬೇ-ಡ” ಅನ್ನುವುದು. ಅವಳು ಮುಖ ಕಿವಿಚಿ “ಪರವಾಗಿಲ್ಲ” ಅನ್ನುವುದು. ನಾನು ತಕ್ಷಣ ಚಮಚ ಕೆಳಗಿಡುವುದು. ದಿನಾ ಇದೇ. ಪ್ರಹ್ಲಾದ್ ನೋಡಲಾರದೆ ಎದ್ದುಹೋಗುತ್ತಿದ್ದರು. ಒಳ್ಳೆಯ ಹುಡುಗಿ ಬೇಡ ಅನ್ನಬಾರದು ಎಂದು ಕಲಿಸಲು ನನಗೆ ಒಂದು ಸಂಜೆ ಸಾಕಾಗಿತ್ತು. ಅದನ್ನು ಅಳಿಸಲು ಇಷ್ಟು ತಿಂಗಳಾದರೂ ಆಗಲಿಲ್ಲ.

ಒಮ್ಮೆ ನೀವು ಕೇಳಿದ್ದಿರಿ, ಅವಳು ಹಾಗಂದಾಗ ಮುಖ ಹೇಗಿತ್ತು ಎಂದು. ಈಗ ನಾನು ಮುಖವನ್ನೇ ನೋಡುತ್ತೇನೆ, ಮಾತು ಕೇಳುವುದಿಲ್ಲ. ಹುಬ್ಬು ಒಂದಿಷ್ಟು ಹತ್ತಿರ ಬರುತ್ತದೆ, ಕೆಳತುಟಿ ಒಳಗೆ ಹೋಗುತ್ತದೆ. ಆ ಮಾರ್ಚ್ ತಿಂಗಳಿನಲ್ಲೂ ಹಾಗೇ ಇತ್ತು, ಅಕ್ಕ. ನನಗೆ ನೆನಪಿದೆ. ನೋಡಿದ್ದೆ.

ಶುಕ್ರವಾರ ಸ್ಕೂಲಿನ ಗೇಟಿನ ಹತ್ತಿರ ಬಂದಾಗ ಎಂದಿನಂತೆ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಲು ಹೋದೆ. ಅವಳು ಕೈ ಬಿಡಿಸಿಕೊಂಡಳು. ನನ್ನ ಕೈಯನ್ನು ತಳ್ಳಿದಳು. ನನ್ನ ಮುಖ ನೋಡಿ, ಸ್ಪಷ್ಟವಾಗಿ, “ಬೇಡ” ಅಂದಳು. ಕಾಲು ಎಳೆದುಕೊಂಡು ಒಬ್ಬಳೇ ಒಳಗೆ ಹೋದಳು, ತಿರುಗಿ ನೋಡಲಿಲ್ಲ. ನಾನು ಗೇಟಿನ ಕಂಬಿ ಹಿಡಿದು ಅಲ್ಲೇ ನಿಂತಿದ್ದೆ. ಅಷ್ಟು ನೋವಾಯಿತು, ಅಷ್ಟು ಸಂತೋಷವಾಯಿತು. ಎರಡೂ ಆಯಿತು.

ಮನೆಗೆ ಬಂದು ಶ್ಯಾವಿಗೆ ಪಾಯಸ ಮಾಡಿದೆ. ಗೋಡಂಬಿ ಹುರಿದು ಹಾಕಿದೆ, ಅವಳಿಗೆ ಇಷ್ಟ. ಸಂಜೆ ಬಟ್ಟಲು ಮುಂದಿಟ್ಟರೆ ಅದನ್ನೂ ಬೇಡ ಅಂದಳು.

ನಾನು ಬಟ್ಟಲು ಎತ್ತಿ ಒಳಗಿಟ್ಟೆ.

ಕೃಷ್ಣವೇಣಿ